ಸಮುದ್ರವಿಲ್ಲದ ಊರಿನಿಂದ ಹಾಯಿದೋಣಿ ರೇಸಿಗೆ: ಕ್ರೂ ಜಾಗ ಹುಡುಕಿ ರೇಸು ಮಾಡಿದ ಎಂಟು ತಿಂಗಳು

ಮೊನ್ನೆ ಭಾನುವಾರ ಮುಂಬೈನಲ್ಲಿ ನಮ್ಮ ಸೀಸನ್ನಿನ ಕೊನೆಯ ರೇಸು ಮುಗಿಯಿತು. ರೈಲು ಹತ್ತಿ ದಾವಣಗೆರೆಯಲ್ಲಿ ಇಳಿದು, ಸ್ನಾನ ಮಾಡಿ ನೇರ ಎಪಿಎಂಸಿ ಅಂಗಡಿಗೆ ಬಂದೆ. ಅಂಗೈ ಮೇಲೆ ಹಗ್ಗ ಎಳೆದ ಗುರುತು ಇನ್ನೂ ಇದೆ. ಅಂಗಡಿಗೆ ಬಂದವರೆಲ್ಲ ಕೇಳುವ ಪ್ರಶ್ನೆ ಒಂದೇ: ದೋಣಿ ರೇಸಿಗೆ ನೀವು ಹೇಗೆ ಸೇರಿದಿರಿ, ಎಷ್ಟು ಖರ್ಚಾಯಿತು, ಏನೇನು ಕಾಗದ ಕೇಳ್ತಾರೆ? ನಾನು ಆಗಸ್ಟ್‌ನಿಂದ ಏಪ್ರಿಲ್‌ವರೆಗೆ ಓಡಾಡಿದ್ದರಲ್ಲಿ ಅರ್ಧದಷ್ಟು ಮೊದಲೇ ಗೊತ್ತಿದ್ದರೆ ಬೇಕಾಗುತ್ತಲೇ ಇರಲಿಲ್ಲ. ಅದಕ್ಕೇ ಎಲ್ಲವನ್ನೂ ಬರೆದಿಡುತ್ತಿದ್ದೇನೆ.

ನನಗೆ 44 ವರ್ಷ. ಮೆಕ್ಕೆಜೋಳದ ವ್ಯಾಪಾರ. ಹುಡುಗನಾಗಿದ್ದಾಗ ಗರಡಿಗೆ ಹೋಗುತ್ತಿದ್ದೆ. ದುಗ್ಗಮ್ಮನ ಜಾತ್ರೆಯ ಕುಸ್ತಿಯಲ್ಲಿ ಎರಡು ಸಲ ಕಣಕ್ಕೆ ಇಳಿದಿದ್ದೇನೆ. ಮೊಣಕಾಲು ಪೆಟ್ಟಾದ ಮೇಲೆ ಬಿಟ್ಟೆ. ಬಿಟ್ಟು ಇಪ್ಪತ್ತು ವರ್ಷವಾದರೂ ಎದುರಾಳಿಯ ಕಣ್ಣಲ್ಲಿ ಕಣ್ಣಿಟ್ಟು ಸೆಣಸುವ ಆಸೆ ಮಾತ್ರ ಹೋಗಿರಲಿಲ್ಲ.

ದೋಣಿಯ ಹುಚ್ಚು ಹಿಡಿಸಿದ್ದು ಅಕ್ಕನ ಮಗ. ಅವನು ಮುಂಬೈನಲ್ಲಿ ಕೆಲಸದಲ್ಲಿದ್ದಾನೆ. 2022ರ ಸೆಪ್ಟೆಂಬರ್‌ನಲ್ಲಿ ಹಿರಿಯೂರಿನ ವಾಣಿ ವಿಲಾಸ ಸಾಗರ ಕೋಡಿ ಬಿತ್ತಲ್ಲ, 1933 ಆದ ಮೇಲೆ 89 ವರ್ಷಕ್ಕೆ ಮೊದಲ ಸಲ, ಆಗ ಮನೆಮಂದಿಯೆಲ್ಲ ನೋಡಲು ಹೋಗಿದ್ದೆವು. ಎಲ್ಲರೂ ಕೋಡಿ ನೋಡುತ್ತಿದ್ದರೆ ಇವನು ಒಳಗಿನ ನೀರಿನ ಮೇಲೆ ಗಾಳಿ ಬರೆಯುವ ಕಪ್ಪು ಗೆರೆಗಳನ್ನು ನೋಡುತ್ತಿದ್ದ. 'ಮಾಮ, ಆ ಕಪ್ಪು ಕಾಣ್ತಿದೆಯಲ್ಲ, ಅಲ್ಲಿ ಗಾಳಿ ಜಾಸ್ತಿ. ದೋಣಿಯನ್ನ ಅಲ್ಲಿಗೆ ಒಯ್ಯಬೇಕು' ಅಂದ. ಆಮೇಲೆ ನಾನು ಯಾವ ಕೆರೆ ಕಂಡರೂ ಆ ಕಪ್ಪು ಗೆರೆ ಹುಡುಕಲು ಶುರು ಮಾಡಿದೆ. ನಮ್ಮ ಕುಂದುವಾಡ ಕೆರೆಯ ಮೇಲೂ ಸಂಜೆ ಹೊತ್ತು ಅದು ಕಾಣುತ್ತದೆ, ನೋಡಿ.

ಮೊದಲ ಪ್ರಯತ್ನ ಕೆಆರ್‌ಎಸ್‌ನಲ್ಲಿ, ಲೇಸರ್ ಅನ್ನುವ ಒಬ್ಬರೇ ಕೂರುವ ಪುಟ್ಟ ದೋಣಿಯಲ್ಲಿ. ಅದು ಒಳ್ಳೆಯ ದೋಣಿ. ಆದರೆ ಅದರಲ್ಲಿ ಮೈಯೇ ತೂಕ. ಗಾಳಿ ಜೋರಾದರೆ ಪಾದವನ್ನು ಪಟ್ಟಿಗೆ ಸಿಕ್ಕಿಸಿ, ಮೈಯನ್ನು ನೀರಿನ ಮೇಲೆ ಚಾಚಬೇಕು. ತಪ್ಪಿದರೆ ಮಗುಚುತ್ತದೆ. ಮಗುಚಿದ್ದನ್ನು ಎತ್ತಿ ನಿಲ್ಲಿಸಿ ಮತ್ತೆ ಹತ್ತಬೇಕು. ನಾನು 94 ಕೆಜಿ. ಎರಡು ದಿನಕ್ಕೆ ಹಳೇ ಮೊಣಕಾಲು ಊದಿಕೊಂಡಿತು. ವಾಪಸ್ ಬರುವಾಗ ಬಸ್ಸಿನಲ್ಲಿ ನಿಜವಾಗಿಯೂ ಬೇಜಾರಾಗಿತ್ತು. ಇದು ಇಪ್ಪತ್ತು ವರ್ಷದವರ ಆಟ, ನನ್ನ ಕಾಲ ಮುಗಿದಿದೆ ಅನ್ನಿಸಿತು.

ಅಕ್ಕನ ಮಗ ಫೋನಿನಲ್ಲಿ ಪೂರ್ತಿ ಕೇಳಿಸಿಕೊಂಡು, 'ಮಾಮ, ಆಟ ಸರಿಯಾಗಿದೆ, ದೋಣಿ ತಪ್ಪು. ನಿಂಗೆ ಬೇಕಾಗಿರೋದು ಕೀಲ್ ಇರೋ ದೋಣಿ. ನಮ್ಮ ಜೆ-24ಗೆ ಬಾ' ಅಂದ.

ಕೀಲ್ ಅಂದರೆ ಏನು ಅಂತ ನಮ್ಮ ಕಡೆಯವರಿಗೆ ಹೇಳಬೇಕಾದರೆ ಲಾರಿ ನೆನೆಸಿಕೊಳ್ಳಿ. ಖಾಲಿ ಲಾರಿ ರಸ್ತೆಯಲ್ಲಿ ಕುಣಿಯುತ್ತದೆ. ಲೋಡು ಕೆಳಗೆ ಸರಿಯಾಗಿ ಕೂತಿದ್ದರೆ ಗಟ್ಟಿಯಾಗಿ ಹೋಗುತ್ತದೆ. ಜೆ-24 ದೋಣಿ ಉದ್ದ 24 ಅಡಿ, ತೂಕ ಸುಮಾರು 1,400 ಕೆಜಿ. ಅದರಲ್ಲಿ 430 ಕೆಜಿಯಷ್ಟು ಸ್ಥಿರತೆಗೆಂದೇ ಇಟ್ಟ ಭಾರ, ದೋಣಿಯ ಅಡಿಗೆ ಮೀನಿನ ರೆಕ್ಕೆಯಂತೆ ಇಳಿಬಿದ್ದಿರುತ್ತದೆ. ಗಾಳಿ ಮೇಲಿನಿಂದ ತಳ್ಳಿದಷ್ಟೂ ಈ ಭಾರ ಕೆಳಗಿನಿಂದ ಎಳೆಯುತ್ತದೆ. ದೋಣಿ ವಾಲುತ್ತದೆ, ಆದರೆ ಲೇಸರ್ ಥರ ಮಾತುಮಾತಿಗೆ ಮಗುಚುವುದಿಲ್ಲ. ಐದು ಜನ ಸೇರಿ ಓಡಿಸುವ ದೋಣಿ ಇದು. ಒಬ್ಬೊಬ್ಬರಿಗೂ ಒಂದೊಂದು ಕೆಲಸ. ಸ್ವಂತ ದೋಣಿ ಇಲ್ಲದವನೂ ಕ್ರೂ ಆಗಿ, ಅಂದರೆ ಬೇರೆಯವರ ದೋಣಿಯ ಆಳಾಗಿ, ರೇಸು ಮಾಡಬಹುದು. ನನ್ನಂಥವನಿಗೆ ಬಾಗಿಲು ತೆರೆದದ್ದು ಈ ಮೂರು ಸಂಗತಿ.

ಇನ್ನೊಂದು ಸಂಗತಿ ಕೇಳಿದ ಮೇಲಂತೂ ನಾನು ಹಿಂದೆ ನೋಡಲಿಲ್ಲ. ಬೇರೆ ಬೇರೆ ಥರದ ದೋಣಿಗಳು ಒಟ್ಟಿಗೆ ರೇಸು ಮಾಡಿದರೆ, ದೊಡ್ಡದಕ್ಕೂ ಚಿಕ್ಕದಕ್ಕೂ ಸರಿದೂಗಿಸಲು ಪ್ರತಿ ದೋಣಿಗೆ ಒಂದು ಅಂಕಿ ಇಟ್ಟು, ಓಡಿದ ಸಮಯವನ್ನು ಅದರಿಂದ ಲೆಕ್ಕ ಹಾಕುತ್ತಾರೆ. ಮೊದಲು ಗೆರೆ ದಾಟಿದವನು ಲೆಕ್ಕದಲ್ಲಿ ನಾಲ್ಕನೆಯವನಾಗಬಹುದು. ಜೆ-24ನಂಥ 'ಒನ್ ಡಿಸೈನ್' ದೋಣಿಗಳ ರೇಸಿನಲ್ಲಿ ಹಾಗಲ್ಲ. ಎಲ್ಲ ದೋಣಿಯೂ ಒಂದೇ ಅಚ್ಚು. ಕೀಲಿನ ಆಕಾರವನ್ನು ಅಳತೆಯ ಹಲಗೆ ಇಟ್ಟು ನೋಡುತ್ತಾರೆ. ಹಾಯಿ ಎಷ್ಟಿರಬೇಕು, ಯಾವ ಅಳತೆ ಅನ್ನುವುದಕ್ಕೆ ನಿಯಮ ಇದೆ. ಕ್ರೂ ಒಟ್ಟು ತೂಕ 400 ಕೆಜಿ ಮೀರಬಾರದು ಅಂತಲೂ ಇದೆ. ಇದನ್ನು ಕೇಳಿದಾಗ ನನಗೆ ನಮ್ಮ ಉಸ್ತಾದ್ ನೆನಪಾದರು. ಜೋಡಿ ಸರಿಯಿಲ್ಲದ ಕುಸ್ತಿಯನ್ನು ಅವರು ನೋಡುತ್ತಲೂ ಇರಲಿಲ್ಲ. ಒಂದೇ ತೂಕ, ಒಂದೇ ಮಣ್ಣು. ಸೋತರೆ ನಿನ್ನ ಪಟ್ಟಿನಲ್ಲಿ ತಪ್ಪಿದೆ ಅನ್ನುತ್ತಿದ್ದರು. ಇಲ್ಲೂ ಅಷ್ಟೇ. ಪಕ್ಕದ ದೋಣಿ ಮುಂದೆ ಹೋದರೆ ಅವರು ನಿನಗಿಂತ ಚೆನ್ನಾಗಿ ಓಡಿಸಿದ್ದಾರೆ ಅಂತಲೇ ಅರ್ಥ.

ಇನ್ನು ಕಾಗದಪತ್ರದ ಕಥೆ.

ನಾನು ಸೇರಬೇಕೆಂದಿದ್ದ ಕ್ಲಬ್‌ನಲ್ಲಿ ಮೊದಲು ಕೀಲ್ ದೋಣಿಯ ನಾಲ್ಕು ದಿನದ ಕೋರ್ಸು ಮುಗಿಸಬೇಕು, ಆಮೇಲೆ ಕ್ರೂ ಪಟ್ಟಿಗೆ ಹೆಸರು. ಪೂರ್ತಿ ಮೆಂಬರ್‌ಶಿಪ್ ಬೇಕಿಲ್ಲ, ಸೀಸನ್ನಿಗೆ ಇಷ್ಟು ಅಂತ ಕ್ರೂ ಫೀಸು ಕಟ್ಟಿದರೆ ಸಾಕು. ಮೆಂಬರ್‌ಶಿಪ್ಪೇ ಬೇಕು ಅಂದುಕೊಂಡು ನಾನು ಮೊದಲ ಮೂರು ವಾರ ಹಾಳು ಮಾಡಿದೆ. ನೀವು ಫೋನ್ ಮಾಡಿದಾಗ 'ಕ್ರೂ ಆಗಿ ಬರಲು ಏನು ಬೇಕು' ಅಂತಲೇ ಕೇಳಿ.

ಕೇಳಿದ ಕಾಗದಗಳು: ಆಧಾರ್ ಪ್ರತಿ, ಎರಡು ಫೋಟೋ, ಡಾಕ್ಟರ್ ಫಿಟ್‌ನೆಸ್ ಸರ್ಟಿಫಿಕೇಟ್, ಈಜು ಬರುತ್ತದೆ ಅನ್ನುವುದಕ್ಕೆ ಸರ್ಟಿಫಿಕೇಟ್, ಅಪಾಯದ ಹೊಣೆ ನನ್ನದೇ ಅಂತ ಸಹಿ ಹಾಕಿದ ಒಂದು ಫಾರಂ. ಡಾಕ್ಟರ್ ಸರ್ಟಿಫಿಕೇಟ್ ಒಂದೇ ದಿನಕ್ಕೆ ಆಯಿತು. ಕಳಿಸಿದೆ. ಹನ್ನೆರಡು ದಿನ ಬಿಟ್ಟು ವಾಪಸ್ ಬಂತು. ಸೀಲಿನಲ್ಲಿ ಡಾಕ್ಟರ ರಿಜಿಸ್ಟ್ರೇಷನ್ ನಂಬರ್ ಇಲ್ಲ ಅಂತ. ದಯವಿಟ್ಟು ಕ್ಲಿನಿಕ್ಕಿನಿಂದ ಹೊರಬರುವ ಮೊದಲೇ ಸೀಲು ಓದಿ ನೋಡಿ. ನಲವತ್ತು ದಾಟಿದ್ದರೆ ಇಸಿಜಿಯನ್ನೂ ಜೊತೆಯಲ್ಲೇ ಮಾಡಿಸಿ, ಹೇಗಿದ್ದರೂ ಎರಡನೇ ಸಲ ಕೇಳುತ್ತಾರೆ. ನನಗೆ ಕೇಳಿದರು.

ಈಜಿನದು ಇನ್ನೂ ತಲೆನೋವು. ನಾನು ಈಜು ಕಲಿತದ್ದು ಬೆಂಡು ಕಟ್ಟಿಕೊಂಡು ಊರ ಬಾವಿಯಲ್ಲಿ, ಆಮೇಲೆ ಭದ್ರಾ ಚಾನೆಲ್‌ನಲ್ಲಿ. ಅಲ್ಲಿ ಯಾರು ಸರ್ಟಿಫಿಕೇಟ್ ಕೊಡುತ್ತಾರೆ? ಈಜುಕೊಳಕ್ಕೆ ಹೋದರೆ, ಒಂದು ತಿಂಗಳ ಬ್ಯಾಚ್ ಸೇರಿದವರಿಗೆ ಮಾತ್ರ ಕೊಡ್ತೀವಿ ಅಂದರು. ಸೇರಿದೆ. ಬೆಳಗ್ಗೆ ಆರಕ್ಕೆ, ಮಕ್ಕಳ ಜೊತೆ. ಮೊದಲು ಕಿರಿಕಿರಿ ಅನ್ನಿಸಿತು, ಆದರೆ ಆ ತಿಂಗಳು ವ್ಯರ್ಥವಾಗಲಿಲ್ಲ. ಬಾವಿ ಈಜಿನಲ್ಲಿ ನನಗೆ ಬರದೇ ಇದ್ದದ್ದು ಒಂದೇ ಕಡೆ ತೇಲಿ ನಿಲ್ಲುವುದು. ಕೋರ್ಸಿನ ಮೊದಲ ದಿನ ಅವರು ಮಾಡಿಸಿದ ಪರೀಕ್ಷೆಯೂ ಅದೇ: ಬಟ್ಟೆ, ಶೂ ಹಾಕಿಕೊಂಡೇ ನೀರಿಗೆ ಇಳಿದು ಹತ್ತು ನಿಮಿಷ ತೇಲಬೇಕು. ಪ್ಯಾಂಟು ನೀರು ಕುಡಿದು ಎಷ್ಟು ಭಾರವಾಗುತ್ತದೆ ಅನ್ನುವುದು ಇಳಿದವರಿಗೇ ಗೊತ್ತು. ಊರಲ್ಲೇ ಒಮ್ಮೆ ಬಟ್ಟೆ ಸಮೇತ ಅಭ್ಯಾಸ ಮಾಡಿಕೊಂಡು ಹೋಗಿ.

ಇಷ್ಟರಲ್ಲಿ ಅಕ್ಟೋಬರ್ ಬ್ಯಾಚ್ ಭರ್ತಿ. ಮುಂದಿನದು ನವೆಂಬರ್. ಮುಂಬೈನಲ್ಲಿ ದೋಣಿ ಸೀಸನ್ನು ಮಳೆ ನಿಂತ ಮೇಲೆ, ಸುಮಾರು ಅಕ್ಟೋಬರ್‌ನಿಂದ ಮೇವರೆಗೆ. ಮಳೆಗಾಲದಲ್ಲಿ ದೋಣಿಗಳನ್ನು ನೀರಿನಿಂದ ಮೇಲೆತ್ತಿಡುತ್ತಾರೆ. ನಮ್ಮಲ್ಲಿ ಮೆಕ್ಕೆಜೋಳ ಮಾರ್ಕೆಟ್ಟಿಗೆ ನುಗ್ಗುವುದೂ ಅದೇ ಅಕ್ಟೋಬರ್, ನವೆಂಬರ್, ಡಿಸೆಂಬರ್. ಅಂಗಡಿ ಮುಂದೆ ರಾಶಿ ಬಿದ್ದಿರುವಾಗ ಯಜಮಾನ ಮುಂಬೈಗೆ ದೋಣಿ ಕಲಿಯಲು ಹೋಗುತ್ತೇನೆ ಅಂದರೆ ಮನೆಯಲ್ಲಿ ಏನಂದಾರು? ತಮ್ಮ ಬಾಯಿ ಬಿಡಲಿಲ್ಲ. ಮನೆಯವಳೇ, 'ಜನವರಿಯಾದ ಮೇಲೆ ಹೋಗಿ, ಅಲ್ಲೀತನಕ ರೈತರು ಬರೋದು ನಿಮ್ಮ ಮುಖ ನೋಡಿ' ಅಂದಳು. ಅವಳು ಹೇಳಿದ್ದು ಸರಿ. ಜನವರಿಗೆ ಬರೆಸಿದೆ. ಆ ಮೂರು ತಿಂಗಳು ಕಷ್ಟವಾಯಿತು. ರಾತ್ರಿ ಲೆಕ್ಕ ಮುಗಿಸಿ ಹಗ್ಗದ ತುಂಡು ಹಿಡಿದು ಗಂಟು ಹಾಕುವುದನ್ನು ಕಲಿಯುತ್ತಿದ್ದೆ. ಮೂಟೆ ಕಟ್ಟುವ ಹಮಾಲರೇ ನನಗೆ ಎರಡು ಗಂಟು ತಿದ್ದಿಕೊಟ್ಟರು.

ಜನವರಿ ಎರಡನೇ ವಾರ ಕೋರ್ಸು. ಗೇಟ್‌ವೇ ಆಫ್ ಇಂಡಿಯಾ ಹತ್ತಿರದಿಂದ ಸಣ್ಣ ಲಾಂಚಿನಲ್ಲಿ, ನೀರಿನಲ್ಲೇ ಕಟ್ಟಿ ನಿಲ್ಲಿಸಿದ ದೋಣಿಯ ಬಳಿಗೆ ಹೋಗಬೇಕು. ಹತ್ತಿ ನಿಂತಾಗ ಕಾಲ ಕೆಳಗೆ ದೋಣಿ ಮೆಲ್ಲಗೆ ಮಣಿದು, ಮತ್ತೆ ತಾನಾಗಿ ನೆಟ್ಟಗಾಯಿತು. ಆ ಒಂದು ಕ್ಷಣಕ್ಕೆ ನನ್ನ ಹೆದರಿಕೆ ಅರ್ಧ ಇಳಿಯಿತು. ಅಡಿಯಲ್ಲಿ ಇರುವ ಭಾರ ಪಾದಕ್ಕೇ ಗೊತ್ತಾಗುತ್ತದೆ.

ಆ ದೋಣಿ ನನ್ನ ಮದುವೆಗಿಂತ ಹಳೆಯದು. ಡೆಕ್ಕಿನ ಬಣ್ಣ ಮಾಸಿತ್ತು. ಇಷ್ಟು ಹಳೇದರಲ್ಲಿ ರೇಸಾ ಅಂತ ಕೇಳಿದೆ. ಕಳೆದ ಸೀಸನ್ ಗೆದ್ದದ್ದು ಇದೇ ಅಂದರು ದೋಣಿ ನಡೆಸುವ ನಮ್ಮ ಸ್ಕಿಪ್ಪರ್ ಮೇಡಂ. ಬ್ಯಾಂಕ್ ಕೆಲಸದಿಂದ ನಿವೃತ್ತರಾದವರು, ಅರವತ್ತು ದಾಟಿದೆ. ಈ ದೋಣಿಯ ಮೂಲ ಮಾದರಿಯನ್ನು ಅಮೆರಿಕದ ರಾಡ್ ಜಾನ್‌ಸ್ಟನ್ 1970ರ ದಶಕದ ನಡುವೆ ತಮ್ಮ ಮನೆಯ ಗ್ಯಾರೇಜಿನಲ್ಲಿ ಕಟ್ಟಿದರು. 1977ರಿಂದ ಅದೇ ಅಚ್ಚಿನಲ್ಲಿ 5,000ಕ್ಕೂ ಜಾಸ್ತಿ ದೋಣಿ ಬಂದಿವೆ. ಅಚ್ಚು ಬದಲಾಗದ ಕಾರಣ ಹಳೆಯದು ಮೂಲೆಗೆ ಬೀಳುವುದಿಲ್ಲ. ಹೊಸ ಹಾಯಿ, ನುಣುಪಾದ ಅಡಿ, ಕಲಿತ ಕೈ ಇದ್ದರೆ ಹೊಸದಕ್ಕೆ ಸಮ. ಕ್ಲಬ್‌ಗಳಿಗೆ ಇದಕ್ಕಿಂತ ಬೇರೇನು ಬೇಕು ಹೇಳಿ. ಇದೇ ಮನೆತನದಿಂದ 2012ರಲ್ಲಿ ಬಂದ ಜೆ-70, ಅದಕ್ಕೂ ಮೊದಲಿನ ಜೆ-80 ಎರಡೂ ಇದೇ ದಾರಿ ಹಿಡಿದವು. 1911ರಲ್ಲಿ ಶುರುವಾದ ಸ್ಟಾರ್ ದೋಣಿಯಂತೂ ನೂರು ವರ್ಷ ದಾಟಿ ಇವತ್ತಿಗೂ ರೇಸು ಮಾಡುತ್ತಿದೆ.

ಕೋರ್ಸು ಮುಗಿದು ಕ್ರೂ ಪಟ್ಟಿಯಲ್ಲಿ ಹೆಸರು ಬಂದರೂ ದೋಣಿ ಸಿಗಲು ಮೂರು ವಾರ ಕಾಯಬೇಕಾಯಿತು. ಸುಮ್ನೆ ಕಾಯುವುದಲ್ಲ. ಶನಿವಾರ ಹೋಗಿ ದಡದಲ್ಲಿ ನಿಂತು, ಯಾರಿಗಾದರೂ ಜನ ಕಡಿಮೆ ಬಿದ್ದರೆ ಹತ್ತಬೇಕು. ಒಂದು ವಾರ ಹೋಗಿ ಯಾರೂ ಕರೆಯದೆ ವಾಪಸ್ ಬಂದೆ. ಅಷ್ಟು ದೂರ, ಅಷ್ಟು ದುಡ್ಡು. ವಾಪಸ್ ರೈಲಿನಲ್ಲಿ ಊಟ ಸೇರಲಿಲ್ಲ. ಮುಂದಿನ ವಾರ ನನಗೆ ಜಾಗ ಕೊಡಿಸಿದ್ದು ನನ್ನ ತೂಕವೇ. ಮೇಡಂ ದೋಣಿಯಲ್ಲಿ ನಾಲ್ಕು ಜನ ಹಗುರದವರು. ಮಧ್ಯಾಹ್ನದ ಸಮುದ್ರಗಾಳಿ ಜೋರಾದಾಗ ಅಂಚಿನಲ್ಲಿ ಕೂತು ದೋಣಿಯನ್ನು ನೆಟ್ಟಗೆ ಹಿಡಿಯಲು ಒಬ್ಬ ಭಾರದ ಆಳು ಬೇಕಿತ್ತು. ನಾನು ಸೇರಿ ಒಟ್ಟು 382 ಕೆಜಿ. ತಕ್ಕಡಿ ಮುಂದೆ ಬದುಕುವವನು ನಾನು. ಆ ಅಂಕಿ ಕೇಳಿ ಎಷ್ಟು ಖುಷಿಯಾಯಿತು ಅಂದರೆ, ಮನೆಗೆ ಫೋನ್ ಮಾಡಿ ಮೊದಲು ಹೇಳಿದ್ದೇ ಅದು.

ನನ್ನ ಕೆಲಸ ಮುಂದಿನ ದೊಡ್ಡ ಹಾಯಿಯ ಹಗ್ಗ. ಆ ಹಾಯಿಗೆ ಜೆನೋವಾ ಅನ್ನುತ್ತಾರೆ. ಹಗ್ಗವನ್ನು ವಿಂಚ್ ಅನ್ನುವ ಉಕ್ಕಿನ ಉರುಳೆಗೆ ಗಡಿಯಾರದ ಮುಳ್ಳು ತಿರುಗುವ ಕಡೆಗೆ ಸುತ್ತಬೇಕು. ಗಾಳಿಗೆ ಎದುರಾಗಿ ದೋಣಿ ನೇರ ಹೋಗಲಾರದು, ಓರೆಯಾಗಿ ಆ ಕಡೆ ಈ ಕಡೆ ತಿರುಗುತ್ತಾ ಹೋಗಬೇಕು. ಪ್ರತಿ ತಿರುವಿನಲ್ಲೂ ಹಳೇ ಬದಿಯ ಹಗ್ಗ ಬಿಟ್ಟು ಹೊಸ ಬದಿಯದನ್ನು ಎಳೆಯಬೇಕು. ಬೇಗ ಬಿಟ್ಟರೆ ದೋಣಿಯ ಓಟ ಸಾಯುತ್ತದೆ. ತಡವಾಗಿ ಬಿಟ್ಟರೆ ಹಾಯಿಗೆ ಹಿಂದಿನಿಂದ ಗಾಳಿ ತುಂಬಿ ದೋಣಿ ಪಕ್ಕಕ್ಕೆ ಒರಗುತ್ತದೆ. ಹಾಯಿಯ ಮುಂದಿನ ಅಂಚಿನ ಹತ್ತಿರ ಎರಡೂ ಕಡೆ ಗೇಣುದ್ದದ ಉಲ್ಲನ್ ದಾರ ಅಂಟಿಸಿರುತ್ತಾರೆ. ಎರಡೂ ದಾರ ಹಿಂದಕ್ಕೆ ನೆಟ್ಟಗೆ ಹಾರುತ್ತಿದ್ದರೆ ಎಲ್ಲ ಸರಿ. ಗಾಳಿ ಕಡೆಯ ದಾರ ಮೇಲೆದ್ದು ಕುಣಿದರೆ ಹಗ್ಗ ಸ್ವಲ್ಪ ಬಿಗಿ, ಇಲ್ಲವೇ ಚುಕ್ಕಾಣಿ ಹಿಡಿದವರು ದೋಣಿಯನ್ನು ಗಾಳಿಯಿಂದ ಸ್ವಲ್ಪ ಆಚೆ ತಿರುಗಿಸಬೇಕು. ಎರಡು ಗಂಟೆ ಹೊತ್ತು ನನ್ನ ಲೋಕವೆಲ್ಲ ಆ ಎರಡು ದಾರ. ಗರಡಿ ಬಿಟ್ಟ ಮೇಲೆ ಮನಸ್ಸು ಹೀಗೆ ಒಂದೇ ಕಡೆ ನಿಂತದ್ದು ಇದೇ ಮೊದಲು.

ಎರಡನೇ ರೇಸಿನಲ್ಲಿ ನನ್ನಿಂದ ತಪ್ಪಾಯಿತು. ನಾವು ಎಡಗಡೆಯಿಂದ ಗಾಳಿ ಪಡೆದು ಹೋಗುತ್ತಿದ್ದೆವು. ಬಲಗಡೆಯಿಂದ ಗಾಳಿ ಪಡೆದವರು ಎದುರಾದರೆ ಅವರಿಗೆ ದಾರಿ ಬಿಡಬೇಕು, ಇದು ರೇಸಿನ ಮೊದಲ ಪಾಠ. ಎದುರಿನವರು 'ಸ್ಟಾರ್‌ಬೋರ್ಡ್!' (ಬಲಗಡೆ) ಅಂತ ಕೂಗಿದರು. ಮೇಡಂ ತಿರುಗಿಸಿದರು. ನಾನು ಹಗ್ಗ ಬಿಡಲು ಹೋದರೆ ಅದು ವಿಂಚಿನ ಮೇಲೆ ತನ್ನ ಮೇಲೆಯೇ ಹತ್ತಿ ಕಚ್ಚಿಕೊಂಡಿದೆ. ಎಳೆದರೂ ಬರುತ್ತಿಲ್ಲ. ದೋಣಿ ನಿಂತೇಹೋಯಿತು. ಎದುರಿನವರು ನಮ್ಮನ್ನು ತಪ್ಪಿಸಿಕೊಂಡು ಹೋಗಬೇಕಾಯಿತು. ದಂಡವಾಗಿ ನಾವು ಎರಡು ಪೂರ್ತಿ ಸುತ್ತು ತಿರುಗಿ ಕೊನೆಯವರಾದೆವು. ನನಗೆ ತಲೆ ಎತ್ತಲು ಆಗಲಿಲ್ಲ. ಮೇಡಂ ಬೈಯಲಿಲ್ಲ. ದಡಕ್ಕೆ ಬಂದ ಮೇಲೆ ನನ್ನನ್ನು ವಿಂಚಿನ ಮುಂದೆ ಕೂರಿಸಿ ಐವತ್ತು ಸಲ ಸುತ್ತಿಸಿದರು. ಹಗ್ಗವನ್ನು ಕೆಳಗಿನಿಂದ ಮೇಲಕ್ಕೆ ಕೊಡಬೇಕು, ಮೇಲಿನಿಂದ ಕೆಳಕ್ಕೆ ಕೊಟ್ಟರೆ ಹತ್ತಿಕೊಳ್ಳುತ್ತದೆ. ಹೊಸಬರು ಇದೊಂದನ್ನು ಮೊದಲ ದಿನವೇ ಕೈಗೆ ಕಲಿಸಿಕೊಳ್ಳಿ.

ಮೂರನೆಯದು ಇನ್ನೂ ವಿಚಿತ್ರ. ಆವತ್ತು ಅಮಾವಾಸ್ಯೆ ಮರುದಿನ. ಮುಂಬೈ ಬಂದರಿನಲ್ಲಿ ಹುಣ್ಣಿಮೆ ಅಮಾವಾಸ್ಯೆ ಆಸುಪಾಸು ನೀರು ನಾಲ್ಕು ಮೀಟರಿಗೂ ಜಾಸ್ತಿ ಏರಿಳಿಯುತ್ತದೆ. ಇಳಿಯುವಾಗಿನ ಸೆಳೆತ ಬಲು ಜೋರು. ಗಾಳಿ ಬಿದ್ದುಹೋಯಿತು. ಹಾಯಿ ತುಂಬಿದಂತೆ ಕಾಣುತ್ತಿದೆ, ನೀರು ಪಕ್ಕದಲ್ಲಿ ಹರಿಯುತ್ತಿದೆ, ಆದರೆ ದಡದ ಗುರುತು ನೋಡಿದರೆ ನಾವು ಹಿಂದೆ ಹೋಗುತ್ತಿದ್ದೇವೆ! ಮೇಡಂ ಸದ್ದಿಲ್ಲದೆ ಲಂಗರು ಇಳಿಸಲು ಹೇಳಿದರು. ರೇಸಿನ ನಡುವೆ ಲಂಗರು ಹಾಕಲು ನಿಯಮದಲ್ಲಿ ಅವಕಾಶ ಇದೆ. ಪಕ್ಕದವರಿಗೆ ಗೊತ್ತಾಗದ ಹಾಗೆ ಮೆಲ್ಲಗೆ ಹಗ್ಗ ಬಿಟ್ಟೆವು. ಹತ್ತು ನಿಮಿಷದಲ್ಲಿ ಇಬ್ಬರು ನಮ್ಮ ಹಿಂದೆ ಜಾರಿದರು. ಏನೂ ಮಾಡದೆ ನಿಂತು ಎರಡು ಜಾಗ ಗಳಿಸಿದೆವು. ಆದರೆ ಗಾಳಿ ಬರಲೇ ಇಲ್ಲ, ಸಮಯ ಮೀರಿ ರೇಸು ರದ್ದಾಯಿತು. ಬಿಸಿಲಲ್ಲಿ ಕೂತಲ್ಲೇ ತೂಗಿದ್ದಕ್ಕೆ ಹೊಟ್ಟೆ ತೊಳಸಿ ವಾಂತಿಯೂ ಆಯಿತು. ಮನೆಯಿಂದ ಒಯ್ದ ಮಂಡಕ್ಕಿ ಮತ್ತು ಶುಂಠಿ ಆವತ್ತು ಐದೂ ಜನರನ್ನು ಕಾಪಾಡಿತು. ಟಿಕೆಟ್ ಮಾಡಿಸುವ ಮೊದಲು ಕ್ಯಾಲೆಂಡರಿನಲ್ಲಿ ತಿಥಿ ನೋಡಿಕೊಳ್ಳಿ.

ಖರ್ಚು ಎಲ್ಲರೂ ಕೇಳುತ್ತಾರೆ. ನನಗೆ ಬಿದ್ದದ್ದು ಇಷ್ಟು: ಕೋರ್ಸು 18,000, ಸೀಸನ್ನಿನ ಉಳಿದ ಭಾಗಕ್ಕೆ ಕ್ರೂ ಫೀಸು 6,000, ಈಜುಕೊಳ, ಡಾಕ್ಟರು, ಇಸಿಜಿ ಸೇರಿ 2,600. ಗ್ಲೌಸ್, ಬಿಳಿ ಅಡಿಯ ಶೂ, ಲೈಫ್ ಜಾಕೆಟ್ 5,800. ಕ್ಲಬ್‌ನಲ್ಲಿ ಜಾಕೆಟ್ ಕೊಡುತ್ತಾರೆ, ಆದರೆ ನನ್ನ ಎದೆ ಅಳತೆಗೆ ಸಿಗಲಿಲ್ಲ. ಏಳು ಸಲ ಹೋಗಿ ಬಂದದ್ದಕ್ಕೆ ರೈಲು, ಎರಡು ಸಲ ಟಿಕೆಟ್ ಸಿಗದೆ ಪಿಬಿ ರೋಡಿನಲ್ಲಿ ಹಿಡಿದ ಸ್ಲೀಪರ್ ಬಸ್ಸು, ಎಲ್ಲ ಸೇರಿ 15,000 ಹತ್ತಿರ. ಉಳಿದುಕೊಂಡದ್ದು ಅಕ್ಕನ ಮಗನ ರೂಮಿನಲ್ಲಿ. ಹಾಗಿಲ್ಲದವರಿಗೆ ಮುಂಬೈ ಲಾಡ್ಜಿನ ಖರ್ಚೇ ಇಷ್ಟಾಗಬಹುದು. ಒಂದೇ ಮಾತು, ಗ್ಲೌಸ್ ಮಾತ್ರ ಅಗ್ಗದ್ದು ಕೊಳ್ಳಬೇಡಿ. ನನ್ನ ಮೊದಲ ಜೊತೆ ಎರಡನೇ ದಿನಕ್ಕೇ ಹೊಲಿಗೆ ಬಿಟ್ಟು ಅಂಗೈ ಸುಲಿಯಿತು.

ಇಲ್ಲೇ ಸೂಳೆಕೆರೆಯಲ್ಲಿ ಇಂಥ ದೋಣಿ ಇಳಿಸಬಾರದಾ ಅಂತ ತಮ್ಮ ಕೇಳಿದ. ಕೀಲ್ ನೀರಿನೊಳಗೆ 1.2 ಮೀಟರ್ ಇಳಿದಿರುತ್ತದೆ, ಅಂಚಿನ ಹತ್ತಿರ ಕೆಸರಿಗೆ ಹೂತುಕೊಳ್ಳುತ್ತದೆ. ಇಳಿಸಲು, ಎತ್ತಲು ಕ್ರೇನ್ ಬೇಕು. ಕಲಿಯುವ ಮಕ್ಕಳಿಗೆ ಕೆಆರ್‌ಎಸ್, ಬೆಂಗಳೂರಿನ ಹಲಸೂರು ಕೆರೆಯ ಪುಟ್ಟ ದೋಣಿಗಳೇ ಸರಿ. ಅವರ ಮೊಣಕಾಲು ಗಟ್ಟಿಯಿದೆ.

ಕೊನೆಯ ರೇಸಿಗೆ ಆರು ದೋಣಿ. ಐದು ನಿಮಿಷದ ಸಿಗ್ನಲ್, ನಾಲ್ಕು, ಒಂದು, ಆಮೇಲೆ ಶುರು. ಆ ಕೊನೆಯ ಒಂದು ನಿಮಿಷದಲ್ಲಿ ಆರು ಒಂದೇ ಥರದ ದೋಣಿ ಒಂದಕ್ಕೊಂದು ತೋಳಿನಷ್ಟು ದೂರದಲ್ಲಿ ಗೆರೆಯ ಹಿಂದೆ ಜಾಗಕ್ಕೆ ಹವಣಿಸುತ್ತವೆ. ಕುಸ್ತಿಯಲ್ಲಿ ಕೈ ಕೊಡುವ ಮೊದಲು ಸುತ್ತುತ್ತೇವಲ್ಲ, ಥೇಟ್ ಹಾಗೆ. ಗಾಳಿ ವಾಯುವ್ಯದಿಂದ ಗಟ್ಟಿಯಾಗಿ ಬೀಸುತ್ತಿತ್ತು. ಹದಿನಾಲ್ಕು ತಿರುವು, ಒಂದರಲ್ಲೂ ಹಗ್ಗ ಕಚ್ಚಲಿಲ್ಲ. ಕೊನೆಯ ಓಟದಲ್ಲಿ ಗಾಳಿ ಬೆನ್ನಿಗೆ ಬಂದಾಗ ಬಣ್ಣದ ದೊಡ್ಡ ಹಾಯಿ ಬಿಚ್ಚಿಕೊಂಡಿತು. ಪಕ್ಕದ ದೋಣಿ ಒಂದು ಮಾರು ಮುಂದೆ, ಒಂದು ಮಾರು ಹಿಂದೆ, ಮತ್ತೆ ಮುಂದೆ. ಇಬ್ಬರಲ್ಲೂ ಯಾರೂ ಮಾತಾಡುತ್ತಿರಲಿಲ್ಲ. ಗೆರೆ ದಾಟಿದಾಗ ಹಾರ್ನ್ ಎರಡು ಸಲ ಒಟ್ಟೊಟ್ಟಿಗೇ ಕೇಳಿತು. ನಾವು ಮೂರನೆಯವರು, ಅರ್ಧ ದೋಣಿಯಷ್ಟು ಮುಂದೆ. ಅಕ್ಕನ ಮಗ ಹಿಂದೆ ತಿರುಗಿ, 'ಮಾಮ!' ಅಂದ, ಅಷ್ಟೇ. ನನ್ನ ಕಣ್ಣು ತುಂಬಿತ್ತು. ಪಕ್ಕದ ದೋಣಿಯವರು ಹತ್ತಿರ ಬಂದು ಕೈ ಚಾಚಿದರು.

ಮೇ ತಿಂಗಳಲ್ಲಿ ದೋಣಿಯನ್ನು ಮೇಲೆತ್ತುತ್ತಾರೆ. ಅಡಿಗೆ ಅಂಟಿದ ಚಿಪ್ಪು ಕೆರೆದು, ಕೀಲ್ ಉಜ್ಜಿ ನುಣುಪು ಮಾಡಲು ಕ್ರೂ ಎಲ್ಲ ಬರಬೇಕು ಅಂತ ಮೇಡಂ ಹೇಳಿದ್ದಾರೆ. ನಿನ್ನೆ ಟಿಕೆಟ್ ಮಾಡಿಸಿದೆ. ವೇಟಿಂಗ್ ಲಿಸ್ಟ್ 11.